ಮಾಯವ್ವ ಹಿಡಿದ ಸೀಟು

ಮೂಡಲಗಿ ಬಸ್ಸು ಗೋಕಾಕದ ಸ್ಟ್ಯಾಂಡಿನೊಳಗೆ ತಿರುಗುವಷ್ಟರಲ್ಲಿ ಅದರ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಗಂಡಸರು ಬಸ್ಸಿನ ಜೊತೆ ಓಡುತ್ತಾರೆ, ಎಡವುತ್ತಾರೆ, ಒಬ್ಬರನ್ನೊಬ್ಬರು ಬೈಯುತ್ತಾರೆ. ಕೆಲವರು ಚೀಲ, ಚಪ್ಪಲಿ, ಕೊನೆಗೆ ಹೆತ್ತ ಕೂಸನ್ನೇ ಕಿಟಕಿಯಿಂದ ಒಳಗಿಳಿಸಿ ಜಾಗ ಹಿಡಿಯುತ್ತಾರೆ. ಮಾಯವ್ವ ಓಡಿದ್ದನ್ನು ಯಾರೂ ನೋಡಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಆಕೆಗೆ ಡ್ರೈವರನಿಗಿಂತ ಮೊದಲು ಗೊತ್ತಿರುತ್ತಿತ್ತು. ಅಲ್ಲಿ ಹೋಗಿ ನಿಂತು, ತಲೆಯ ಮೇಲಿನ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೀಸಿದಳೆಂದರೆ, ಕೆಂಪು ಚೌಕಡಿಯ ಟವೆಲ್ ಹಾರಿ ಬಾಗಿಲ ಬಾಜೂ ಸೀಟಿನ ಮೇಲೆ ಅಂಗಾತ ಬೀಳುತ್ತಿತ್ತು.

ಟವೆಲ್ ಬಿದ್ದ ಮೇಲೆ ಆ ಸೀಟು ಎಸೆದವರದೇ. ಇದನ್ನು ಯಾವ ಸರ್ಕಾರವೂ ಕಾನೂನು ಮಾಡಿಲ್ಲ. ಆದರೂ ಹೊಲದ ಬದುವಿನ ಸಲುವಾಗಿ ಒಡಹುಟ್ಟಿದ ಅಣ್ಣನ ಮೇಲೆ ಕೇಸು ಹಾಕಿದ ಮನುಷ್ಯ ಕೂಡ ಕಂಡವರ ಟವೆಲ್ ಸರಿಸಿ ಕೂರುವುದಿಲ್ಲ. ಅಪ್ಪಿತಪ್ಪಿ ಯಾರಾದರೂ ತಕರಾರು ತೆಗೆದರೆ ಮಾಯವ್ವ ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳುತ್ತಿದ್ದಳು.

"ಟಾವೆಲ್ ಕಾಣಸೂದಿಲ್ಲೇನ್ರಿ? ಮನಶ್ಯಾ ಬರಾಕತ್ತಾನ."

ಆಕೆ ಹಿಂಡಿ ಮಾರುವವಳು. ಶೇಂಗಾ, ಗುರೆಳ್ಳು, ಅಗಸಿ ಹುರಿದು ಖಾರ ಹಾಕಿ ಕುಟ್ಟಿದ ಚಟ್ನಿಪುಡಿಗೆ ಆ ಕಡೆ ಹಿಂಡಿ ಎನ್ನುತ್ತಾರೆ. ಮೂಡಲಗಿ ಸಂತೆಗೂ ಹುಕ್ಕೇರಿ ಸಂತೆಗೂ ಆಕೆಯ ಬುಟ್ಟಿ ಹೋಗುತ್ತಿತ್ತು. ಜೈನರ ಮನೆಯ ಹೆಣ್ಣುಮಕ್ಕಳಿಗೆಂದು ಬೆಳ್ಳುಳ್ಳಿ ಹಾಕದ ಹಿಂಡಿಯನ್ನು ಬೇರೆ ಡಬ್ಬಿಯಲ್ಲಿ ಒಯ್ಯುವಷ್ಟು ಶಿಸ್ತು ಆಕೆಯದು. ಅಜ್ಜನ ಕಾಲದಿಂದ ಅವರ ಮನೆಯವರು ಕ್ರೈಸ್ತರು. ಹೆಸರುಗಳು ಮಾತ್ರ ಊರಿನವೇ ಉಳಿದಿದ್ದವು. ಗೋಕಾಕದ ಒಂದು ಓಣಿಯಲ್ಲಿ ತಗಡಿನ ಮಾಡಿನ ಸಣ್ಣ ಚರ್ಚು. ಅದರೊಳಗೆ ಜಮಖಾನೆ ಹಾಸಿ, ನಡುವೆ ಓಡಾಡಲು ದಾರಿ ಬಿಟ್ಟು, ಬಲಕ್ಕೆ ಗಂಡಸರು ಎಡಕ್ಕೆ ಹೆಂಗಸರು ಕೂರುತ್ತಿದ್ದರು.

ಮಾಯವ್ವನ ಗಂಡ ಖಂಡೆಪ್ಪ ಬ್ಯಾಂಡ್ ಕಂಪನಿಯವನು. ಮದುವೆಯ ಸುಗ್ಗಿ ಬಂತೆಂದರೆ ಹುಕ್ಕೇರಿ, ಹಿಡಕಲ್, ಮೂಡಲಗಿ ಎಂದು ಢೋಲು ಹೊತ್ತು ತಿರುಗುತ್ತಿದ್ದ. ರವಿವಾರ ಮಾತ್ರ ಚರ್ಚಿನ ಡೋಲಕಿ ಅವನ ತೊಡೆಯ ಮೇಲಿರುತ್ತಿತ್ತು. ಅವನಿಗೆ ಒಂದು ಚಾಳಿ. ಯಾವ ಹಾಡನ್ನೂ ಹಿಡಿದ ವೇಗದಲ್ಲಿ ಮುಗಿಸಿದವನಲ್ಲ. ಮೊದಲ ಚರಣ ನಡೆದರೆ ಎರಡನೆಯದು ಓಡುತ್ತಿತ್ತು, ಮೂರನೆಯದಕ್ಕೆ ಮುದುಕಿಯರ ಚಪ್ಪಾಳೆ ತಪ್ಪಿ ಗಾಳಿಯಲ್ಲಿ ಕೈ ಆಡುತ್ತಿದ್ದವು. ತಪ್ಪೇನೂ ಅವನದಲ್ಲ. ಬೀಗರು ಬಾಗಿಲಲ್ಲಿ ಆರತಿ ಹಿಡಿದು ನಿಂತಾಗ ಮೆರವಣಿಗೆಯನ್ನು ಬೇಗ ಮುಟ್ಟಿಸುವುದೇ ಅವನ ಹೊಟ್ಟೆಪಾಡು. ಕೈಗೆ ಅದೇ ರೂಢಿಯಾಗಿತ್ತು.

ಒಂದು ಈಸ್ಟರ್ ಹಬ್ಬದ ದಿನ ಚರ್ಚಿನ ಹಿರಿಯ ಲಕ್ಕಪ್ಪ, ತಾಳ ಬಡಿಯುತ್ತಿದ್ದವನು, ದಮ್ಮು ಸಾಲದೆ ನಡುವೆಯೇ ನಿಲ್ಲಿಸಿ, "ಖಂಡೆಪ್ಪಾ, ನಿಧಾನ ಬಾರಸೋ. ಇದೇನು ಮದಿವಿ ಮೆರವಣಿಗಿ ಅಲ್ಲ," ಎಂದುಬಿಟ್ಟ. ಎಲ್ಲರೂ ನಕ್ಕರು. ಹೆಂಗಸರ ಕಡೆಯಿಂದ ಕಿಸಕ್ಕನೆ ಮೊದಲು ನಕ್ಕವಳು, ದೇವರೇ ಸಾಕ್ಷಿ, ಮಾಯವ್ವನೇ. ಖಂಡೆಪ್ಪ ಡೋಲಕಿಯನ್ನು ಮೆಲ್ಲಗೆ ಕೆಳಗಿಟ್ಟ, ಎದ್ದ, ಹೋದ. ಮನೆಯಲ್ಲಿ ಆಕೆ ಎಷ್ಟು ಸಮಾಧಾನ ಹೇಳಿದರೂ ಅವನದು ಒಂದೇ ಹಟ.

"ಇನ್ನ ಆ ಜಾಗಾದಾಗ ನಾ ಕೂಡ್ರೂದಿಲ್ಲ. ನನ್ನ ಜಾಗಾ ಬೇಕಾದವರಿಗೆ ಕೊಡ್ರಿ."

"ಕೊಡೂದಿಲ್ಲ," ಎಂದಳು ಮಾಯವ್ವ.

ಅಂದೇ ಆಕೆ ಮೊಣಕಾಲೂರಿ ದೇವರಿಗೆ ಹೇಳಿದಳು. ಆಕೆಯ ಪ್ರಾರ್ಥನೆಯಲ್ಲಿ ಅಲಂಕಾರದ ಮಾತಿರಲಿಲ್ಲ, ಕಂಡಕ್ಟರನ ಜೊತೆ ಮಾತಾಡಿದ ಹಾಗೆಯೇ ಇರುತ್ತಿತ್ತು. "ಅಪ್ಪಾ, ನನ್ನ ನಗಿ ಅವರಿಗೆ ನಟ್ಟೈತಿ. ಅವರ ಬಾರಿಸೂದು ಇಲ್ಲದ ನನಗ ಹಾಡು ಹತ್ತೂದಿಲ್ಲ, ಮನಿ ಮನಿ ಅನಸೂದಿಲ್ಲ. ಅವರನ್ನ ಕರಕೊಂಡ ಬಾ. ಸೀಟು ನಾ ಹಿಡದಿಡತೇನಿ, ಮನಶ್ಯಾನ್ನ ಕಳಸೂದು ನಿನ್ನ ಕೆಲಸ."

ಮುಂದಿನ ರವಿವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗಿ, ಗಂಡಸರ ಕಡೆ ಕೊನೆಯ ಸಾಲಿನಲ್ಲಿ, ತೆರೆದ ಬಾಗಿಲಿಗೆ ಹತ್ತಿ, ಅದೇ ಕೆಂಪು ಚೌಕಡಿಯ ಟವೆಲ್ ಹಾಸಿದಳು. ಬಾಗಿಲ ಬಾಜೂ ಯಾಕೆಂದರೆ ಬಂದವನು ಯಾರನ್ನೂ ದಾಟಬೇಕಾಗಿಲ್ಲ, ಮುಖ ತಪ್ಪಿಸಿಕೊಳ್ಳಬೇಕಾಗಿಲ್ಲ, ಒಂದು ಹೆಜ್ಜೆ ಒಳಗಿಟ್ಟರೆ ಸಾಕು. ತಾನು ಹೆಂಗಸರ ಕಡೆ, ದಾರಿಯ ಈಚೆ, ಅದಕ್ಕೆ ಎದುರಾಗಿ ಕುಳಿತಳು.

ಖಂಡೆಪ್ಪ ಬರಲಿಲ್ಲ. ಬರಲಿಲ್ಲ ಎಂದರೆ ಒಳಗೆ ಬರಲಿಲ್ಲ. ಚರ್ಚಿನ ಎದುರಿಗೆ, ರಸ್ತೆಯ ಆಚೆ, ಯಲ್ಲಾರಿಯ ಚಹಾದಂಗಡಿಯ ಬಾಕಿನ ಮೇಲೆ ರವಿವಾರ ತಪ್ಪದೆ ಬಂದು ಕೂರುತ್ತಿದ್ದ. ಬಶಿಗೆ ಚಹಾ ಸುರಿದುಕೊಂಡು, ಅದು ಆರಿ ಕೆನೆಗಟ್ಟುವ ತನಕ ಊದುತ್ತಿದ್ದ. ಊರಿನಲ್ಲಿ ಬೇರೆ ಚಹಾದಂಗಡಿಗಳೇ ಇರಲಿಲ್ಲವೆ? ಕೇಳಿದರೆ ಯಲ್ಲಾರಿಯ ಚಹಾ ಮಸ್ತ್ ಇರುತ್ತದೆ ಎನ್ನುತ್ತಿದ್ದ. ಯಲ್ಲಾರಿಯ ಚಹಾ ಕುಡಿದ ಯಾರೂ ಈ ಮಾತನ್ನು ನಂಬುವುದು ಸಾಧ್ಯವಿರಲಿಲ್ಲ.

ಮಾಯವ್ವ ಅವನನ್ನು ಎಳೆಯಲಿಲ್ಲ, ಅಳಲಿಲ್ಲ, ಉಪದೇಶ ಮಾಡಲಿಲ್ಲ. ಸೀಟು ಹಿಡಿದವರು ಬಸ್ಸಿನಿಂದ ಇಳಿದು ಬಂದು ಜನರನ್ನು ಹೊತ್ತೊಯ್ಯುವುದಿಲ್ಲ, ಕಿಟಕಿಯಿಂದ ಕೂಗುತ್ತಾರೆ ಅಷ್ಟೆ. ಆಕೆಯೂ ಚರ್ಚಿಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಸೀಟು ಹಿಡದೇನಿ, ಬರ್ರಿ," ಎಂದು ಕೂಗಿ ಹೋಗುತ್ತಿದ್ದಳು. ಅವನ ಬಿಳಿ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿರುತ್ತಿದ್ದಳು. ಶನಿವಾರ ಚರ್ಚು ಗುಡಿಸುವ ಪಾಳಿ ಯಾರದೇ ಇರಲಿ, ಗೋಡೆಗೆ ನೇತುಹಾಕಿದ ಡೋಲಕಿಯ ಧೂಳು ಒರೆಸುವವಳು ಆಕೆಯೇ.

ವರ್ಷಗಳು ಹೋದವು, ಟವೆಲ್ ಹೋಗಲಿಲ್ಲ. ಬರಬರುತ್ತ ಅದೂ ಸಭೆಯ ಸದಸ್ಯನೇ ಆಗಿಬಿಟ್ಟಿತು. ತರುಣರು ಒಳಗೆ ಬರುವಾಗ ಅದಕ್ಕೆ ಕೈಮುಗಿದು, "ಖಂಡೆಪ್ಪ ಮಾಮಾ, ಆರಾಮ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು. ಕಾಣಿಕೆಯ ಚೀಲ ಕೈಯಿಂದ ಕೈಗೆ ಬರುತ್ತ ಟವೆಲಿನ ಮುಂದೆ ಒಂದು ಗಳಿಗೆ ನಿಂತು, ಮುಜುಗರಪಟ್ಟುಕೊಂಡು ಮುಂದೆ ಹೋಗುತ್ತಿತ್ತು. ಒಮ್ಮೆ ಬೆಳಗಾವಿಯಿಂದ ಬಂದ ದೊಡ್ಡ ಮೈಯ ಅತಿಥಿಯೊಬ್ಬರು ಅದರ ಮೇಲೆ ಕೂರಲು ಅರ್ಧ ಬಗ್ಗಿದ್ದರು. ಆಗ ಮಾಯವ್ವ ದಾರಿಯ ಈಚೆಯಿಂದ, "ಮನಶ್ಯಾ ಬರಾಕತ್ತಾನ್ರೀ!" ಎಂದು ಕಿರುಚಿದ ರಭಸಕ್ಕೆ ಅವರು ಬಗ್ಗಿದವರು ಬಗ್ಗಿದಂತೆಯೇ ಮುಂದಿನ ಸಾಲಿಗೆ ಸರಿದು ಹೋದರು. ಓಣಿಯ ನಾಯಿಯೊಂದು ಮಾತ್ರ ಒಂದು ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ಪಾಸ್ಟರರ ಉಪದೇಶದ ಪ್ರಸಂಗವನ್ನು ಪೂರ್ತಿ ಕೇಳಿ ಹೋಯಿತು. ಅದಕ್ಕೆ ಬಸ್ಸಿನ ರಿವಾಜು ತಿಳಿದಿರಲಿಲ್ಲ.

ಇನ್ನೊಂದು ರವಿವಾರ ಪಾಸ್ಟರ್ ಪ್ರಸಂಗ ಮಾಡುತ್ತಿರುವಾಗ ಖಂಡೆಪ್ಪ ಚಹಾದಂಗಡಿಯಿಂದ ಎದ್ದ. ರಸ್ತೆ ದಾಟಿದ. ಬಾಗಿಲಿಗೆ ಬಂದ. ಪಾಸ್ಟರ್ ಮಾತು ನಿಲ್ಲಿಸಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ತಡೆಯಲಾರದೆ "ಸ್ತೋತ್ರ!" ಎಂದು ಕೂಗಿಯೇ ಬಿಟ್ಟಳು. ಅರ್ಧ ಸಭೆ ಎದ್ದು ನಿಂತಿತು. ಖಂಡೆಪ್ಪ ಬಾಗಿಲ ಹೊರಗಿನಿಂದಲೇ ಕೈ ಒಳಗೆ ಚಾಚಿ ಹೇಳಿದ.

"ಕೀಲಿಕೈ ಕೊಡ. ಮನಿ ಕೀಲಿಕೈ ನಿನ್ನ ಕಡೆನ ಉಳದೈತಿ."

ಮಾಯವ್ವ ಸೊಂಟದಿಂದ ಕೀಲಿಕೈ ತೆಗೆದು ಕೊಟ್ಟಳು. ಅವನು ಹೋದ. ಎದ್ದವರೆಲ್ಲ ಕುಳಿತರು. ಸಭೆ ಮುಗಿದ ಮೇಲೆ ಹೆಂಗಸರು ಆಕೆಗೆ ಸಮಾಧಾನ ಹೇಳಲು ಬಂದರೆ, ಆಕೆಯ ಮುಖ ಅರಳಿತ್ತು. "ಅಲ್ರಿ, ನೋಡಿದ್ರಿಲ್ಲೋ? ಕೈ ಒಳಗ ಬಂದಿತ್ತು. ಪೂರಾ ಮೊಣಕೈತನ!" ಎಂದು ಎಲ್ಲರಿಗೂ ತೋರಿಸುತ್ತ ಮನೆಗೆ ಹೋದಳು. ಅಂಥವಳಿಗೆ ಯಾರು ಏನು ಹೇಳುವುದು?

ಆದರೆ ಸಭೆ ಬೆಳೆಯಿತು, ಚರ್ಚು ಬೆಳೆಯಲಿಲ್ಲ. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ತಡವಾಗಿ ಬಂದವರು ಅಂಗಳದ ಬಿಸಿಲಲ್ಲಿ ನಿಲ್ಲುವಂತಾಗಿತ್ತು. ಕ್ರಿಸ್ಮಸ್ ಹತ್ತಿರ ಬಂದಾಗ ಲಕ್ಕಪ್ಪ ಮಾಯವ್ವನ ಮನೆಗೇ ಬಂದ. ಅಂದಿನ ತನ್ನ ಮಾತಿಗೆ ಅವನೂ ಒಳಗೊಳಗೆ ಮರುಗಿದವನೇ; ಎರಡು ಸಲ ಖಂಡೆಪ್ಪನನ್ನು ಕರೆಯಲು ಹೋಗಿ, ಚಹಾ ಕುಡಿದು, ಮಾತು ಬಾಯಿಗೆ ಬರದೆ ಮರಳಿದ್ದ.

"ಮಾಯವ್ವಾ, ಮುದುಕರು ಹೊರಗ ನಿಂದರತಾರ, ಟಾವೆಲ್ ಒಳಗ ಕೂಡ್ರತೈತಿ. ಇದು ದೇವರಿಗೆ ಒಪ್ಪತೈತೇನು? ಬರೂ ರವಿವಾರದಿಂದ ಅದನ್ನ ತಗದಬಿಡವಾ."

"ಈ ಒಂದು ರವಿವಾರ ಬಿಡ್ರಿ ಕಾಕಾ. ಈ ಒಂದು," ಎಂದಳು ಮಾಯವ್ವ. ಲಕ್ಕಪ್ಪ ಹೂಂ ಎಂದು ಹೋದ. ಆಕೆ ಒಲೆಯ ಮುಂದೆ ಕುಳಿತು ದೇವರಿಗೆ ವರದಿ ಒಪ್ಪಿಸಿದಳು. "ಕೇಳಿಸ್ಕೊಂಡಿಯಿಲ್ಲೋ? ಬಸ್ಸು ಬಿಡಾಕತ್ತೈತಿ. ಲಗೂನ ಕಳಸು." ಹೇಳುವುದೇನೋ ಜೋರಾಗಿ ಹೇಳಿದಳು, ಆದರೆ ಆ ದಿನ ಶೇಂಗಾ ಹೊತ್ತಿಸಿದಳು.

ಆ ರವಿವಾರ ಚರ್ಚು ಬಾಗಿಲ ತನಕ ತುಂಬಿತ್ತು. ಕೆಂಪು ಟವೆಲ್ ತನ್ನ ಜಾಗದಲ್ಲಿತ್ತು, ಎದುರಿಗೆ ಖಂಡೆಪ್ಪ ಬಾಕಿನ ಮೇಲಿದ್ದ. ಎರಡನೆಯ ಹಾಡು ಮುಗಿಯುವಾಗ ಒಬ್ಬ ಮುದುಕ ಬಂದು ಬಾಗಿಲಲ್ಲಿ ನಿಂತ. ಧೋತರ, ಗಾಂಧಿ ಟೋಪಿ, ಹಣೆಗೆ ವಿಭೂತಿ, ಕೈಯಲ್ಲಿ ಊಟದ ಡಬ್ಬಿ. ಕಾಲು ನಡುಗುತ್ತಿದ್ದವು.

"ನಾ ಮಸಗುಪ್ಪಿ ಊರಿನ ಪರಪ್ಪರಿ," ಎಂದ ಯಾರನ್ನು ಕೇಳಬೇಕೆಂದು ತಿಳಿಯದೆ. "ನಿಮ್ಮವ ಅಲ್ಲರಿ, ಬಸವಣ್ಣನ ಒಕ್ಕಲ. ನಮ್ಮ ಮನಿಯಾಕಿ ಅಕ್ಕವ್ವನ್ನ ಇಲ್ಲೇ ದವಾಖಾನಿಗೆ ಹಾಕೇನಿ. ನಾಳಿಗೆ ಹೊಟ್ಟಿ ಆಪರೇಶನ್. ಇಲ್ಲಿ ಬ್ಯಾನಿ ಬಿದ್ದವರ ಸಲುವಾಗಿ ಬೇಡ್ಕೋತಾರಂತ ಬಾಜೂ ಕಾಟಿನವರು ಹೇಳಿದ್ರು. ಹಿಂಗ ನಿಂತು ಕೇಳತೇನಿ, ನಡೀತೈತಲ್ರಿ?"

ಲಕ್ಕಪ್ಪ ಟವೆಲ್ ನೋಡಿದ. ಆಮೇಲೆ ಮಾಯವ್ವನನ್ನು ನೋಡಿದ. ಅವನು ಬಾಯಿ ತೆರೆದಿದ್ದರೆ ಆಕೆ ಜಗಳಾಡುತ್ತಿದ್ದಳೇನೋ. ಮಾಯವ್ವ ಎದ್ದಳು.

"ಅಣ್ಣಾರ, ಇಲ್ಲಿ ಕೂಡ್ರಿ."

ಪರಪ್ಪ ಒಂದು ಹೆಜ್ಜೆ ಇಟ್ಟು ಗಕ್ಕನೆ ನಿಂತ. ಅವನೂ ಆ ಬಸ್ಸುಗಳಲ್ಲಿಯೇ ಮುದುಕನಾದವನು. "ಟಾವೆಲ್ ಐತೆಲ್ಲ ತಂಗಿ. ಯಾರೋ ಬರಾಕತ್ತಾರ."

ಆಕೆ ಬಗ್ಗಿ ಟವೆಲ್ ಎತ್ತಿ ಮಡಚಿದಳು. ಇಷ್ಟು ವರ್ಷ ಬಾಯಿಂದ ಹೊರಡಿಸದ ಮಾತನ್ನು ಈಗ ಹೊರಡಿಸಬೇಕಾಗಿತ್ತು. "ಇವತ್ತ ಬರೂದಿಲ್ರಿ ಅವರು," ಎಂದಳು. ತನ್ನ ಜಾಗಕ್ಕೆ ಬಂದು ಕುಳಿತು ಟವೆಲನ್ನು ಮಡಿಲಲ್ಲಿ ಹಿಡಿದುಕೊಂಡಳು. 'ಅಪ್ಪಾ, ನಾನ ಕೈಬಿಟ್ಟೆನೇನು? ಮುದುಕನ ಕಾಲು ನಡಗಾಕತ್ತಿದ್ದು, ನಾ ಏನ ಮಾಡಲಿ?' ಎಂದು ಒಳಗೇ ಕೇಳಿದಳು. ಅಷ್ಟರಲ್ಲಿ ಪಾಸ್ಟರ್ ಅಕ್ಕವ್ವನ ಹೆಸರು ಹಿಡಿದು ಪ್ರಾರ್ಥನೆ ಶುರು ಮಾಡಿದರು. ಸಭೆಯೆಲ್ಲ ಕಣ್ಣು ಮುಚ್ಚಿತು. ಮಾಯವ್ವ ತನ್ನ ಸಂಕಟವನ್ನು ಅಲ್ಲಿಯೇ ಬಿಟ್ಟು, ಎಂದೂ ಮುಖ ನೋಡದ ಅಕ್ಕವ್ವನಿಗಾಗಿ ಬೇಡತೊಡಗಿದಳು.

ರಸ್ತೆಯ ಆಚೆ ನಡೆದದ್ದನ್ನು ಆಮೇಲೆ ಯಲ್ಲಾರಿ ಊರಿಗೆಲ್ಲ ಹೇಳಿದ. ಖಂಡೆಪ್ಪ ಬಶಿ ಬಾಯಿಗೆ ಇಟ್ಟವನು ಹಾಗೇ ನಿಂತನಂತೆ. "ಅಲ್ಲೇ ಇತ್ತಲ್ಲೋ!" ಎಂದನಂತೆ. "ಯಾವನೋ ಕುಂತಾನ ನೋಡೋ!" ಎಂದನಂತೆ. ಬಶಿಯ ಚಹಾ ಯಲ್ಲಾರಿಯ ಕಾಲ ಮೇಲೆ. ಒಂದು ಚಪ್ಪಲಿ ರಸ್ತೆಯ ನಡುವೆ, ಇನ್ನೊಂದು ಚರ್ಚಿನ ಮೆಟ್ಟಿಲ ಮೇಲೆ. ಕಣ್ಣು ಮುಚ್ಚಿದ ಸಭೆಯ ಮೌನದಲ್ಲಿ ಅವನ ದನಿ ಮೊಳಗಿತು.

"ಯಾರ್ರೀ ನೀವು? ಇದು ನನ್ನ ಜಾಗಾ!"

ಪಾಸ್ಟರ್ ಆಮೆನ್ ಹೇಳಲು ಮರೆತರು. ಪರಪ್ಪ ಕಣ್ಣು ತೆರೆದು, "ನಿಮ್ಮದೇನ್ರಿ? ಈ ತಂಗಿ ಅವರು ಬರೂದಿಲ್ಲ ಅಂದ್ಲು," ಎಂದು ಡಬ್ಬಿ ಹಿಡಿದು ಏಳಲು ಹವಣಿಸಿದ.

ಖಂಡೆಪ್ಪ ಹೆಂಡತಿಯ ಕಡೆ ತಿರುಗಿದ. ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಿತ್ತು ಅವನ ಮುಖದಲ್ಲಿ. "ಬರೂದಿಲ್ಲ ಅಂದಿ? ನೀ ಹಂಗ ಅಂದಿ? ಇಷ್ಟ ವರ್ಷ ಹಿಡದಾಕಿ ಇವತ್ತ ಯಾಕ ಬಿಟ್ಟಿ?"

"ನೀವ ಹೇಳಿದ್ರೆಲ್ಲ," ಎಂದಳು ಮಾಯವ್ವ, "ಬೇಕಾದವರಿಗೆ ಕೊಡ್ರಿ ಅಂತ!"

ಯಾರೋ ಕಿಸಕ್ಕೆಂದರು. ಆಮೇಲೆ ತಗಡಿನ ಮಾಡು ಹಾರುವ ಹಾಗೆ ಇಡೀ ಸಭೆ ನಕ್ಕಿತು. ನಕ್ಕದ್ದೇ ತಡ, ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಹಿಂದೆ ಇವನನ್ನು ಎಬ್ಬಿಸಿ ಕಳಿಸಿದ್ದು ಇಂಥದೇ ನಗೆ. ನಗು ಅರ್ಧಕ್ಕೆ ನಿಂತಿತು. ಖಂಡೆಪ್ಪ ಹೊಸ್ತಿಲ ಮೇಲೆ ಒಂದೇ ಕಾಲಿಟ್ಟು ನಿಂತಿದ್ದ. ಅವನು ತನ್ನ ಬರಿಗಾಲು ನೋಡಿಕೊಂಡ, ರಸ್ತೆಯಲ್ಲಿ ಬಿದ್ದ ಚಪ್ಪಲಿ ನೋಡಿದ, ಕಾಲು ಝಾಡಿಸುತ್ತ ಕುಣಿಯುತ್ತಿದ್ದ ಯಲ್ಲಾರಿಯನ್ನು ನೋಡಿದ. ಮೀಸೆಯ ತುದಿ ಅಲುಗಿತು. ಆಮೇಲೆ ಅವನು ನಕ್ಕ ನಗೆಗೆ ಹೊಟ್ಟೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಬೇಕಾಯಿತು.

"ಬರ್ರಿ, ಬರ್ರಿ," ಎಂದು ಪರಪ್ಪ ಒತ್ತರಿಸಿ ಜಾಗ ಮಾಡಿದ. "ಮೂರು ಮಂದಿ ಸೀಟಿನ್ಯಾಗ ಐದು ಮಂದಿ ಕೂಡ್ರೂ ಮಂದಿ ನಾವು. ಇಬ್ಬರಿಗೆ ಸಾಲೂದಿಲ್ಲೇನು?"

ಖಂಡೆಪ್ಪ ಕುಳಿತ. ಮಾಯವ್ವ ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಬಲಗೈ ಬೀಸಿದಳು. ಕೆಂಪು ಟವೆಲ್ ದಾರಿಯ ಮೇಲಿಂದ ಹಾರಿ ಇಬ್ಬರ ಮೊಣಕಾಲ ಮೇಲೂ ಅಂಗಾತ ಬಿತ್ತು. ಆಕೆಗೆ ಅಳು ಬಂತೋ ನಗು ಬಂತೋ ಇವತ್ತಿಗೂ ಕೇಳಿದರೆ ಹೇಳಲಾರಳು.

ಲಕ್ಕಪ್ಪ ಎದ್ದು ಗೋಡೆಯಿಂದ ಡೋಲಕಿ ಇಳಿಸಿದ. ಬಾರಿಸುವವರಿಲ್ಲದೆ ಸಡಿಲಾದ ಹಗ್ಗಗಳನ್ನು ಕೈಯಲ್ಲಿ ಸವರುತ್ತ ತಂದು ಖಂಡೆಪ್ಪನ ಮುಂದಿಟ್ಟ. "ನಂದ ತಪ್ಪಾತೋ ತಮ್ಮಾ. ಹೊಂಡಲಿ ಮೆರವಣಿಗಿ."

ಹೊರಟಿತು ನೋಡಿ! ಹಗ್ಗ ಬಿಗಿದು ಖಂಡೆಪ್ಪ ಕೈ ಹಾಕಿದ ಮೇಲೆ ಮೊದಲ ಚರಣದಿಂದಲೇ ಓಟ. ಮುದುಕಿಯರು ಚಪ್ಪಾಳೆಯ ಗೊಡವೆ ಬಿಟ್ಟು ತಲೆ ಆಡಿಸಿದರು. ಪಾಸ್ಟರರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಲಕ್ಕಪ್ಪ ತಾಳದ ಬೆನ್ನು ಹತ್ತಿ ಬೆವರಿದ, ಆದರೆ ನಿಲ್ಲಿಸಲಿಲ್ಲ. ಭಜನೆಯಲ್ಲಿ ಪಳಗಿದ ಪರಪ್ಪನಂತೂ ಡಬ್ಬಿಯ ಮುಚ್ಚಳವನ್ನೇ ತಾಳ ಮಾಡಿಕೊಂಡು, ತನಗೆ ಗೊತ್ತಿಲ್ಲದ ಹಾಡಿಗೆ ಒಂದೂ ಪೆಟ್ಟು ತಪ್ಪದೆ ಬಡಿದ. ಮಾಯವ್ವನಿಗೆ ಎಷ್ಟೋ ವರ್ಷಗಳ ಮೇಲೆ ಹಾಡು ಹತ್ತಿತು. ರಾಗ ಎಲ್ಲಿಗೋ ಹೋಯಿತು, ಆಕೆ ಎಲ್ಲಿಗೋ ಹೋದಳು.

ಸಭೆ ಮುಗಿದ ಮೇಲೆ ಖಂಡೆಪ್ಪ ಪರಪ್ಪನ ಡಬ್ಬಿ ತಾನೇ ಹಿಡಿದು ದವಾಖಾನೆಗೆ ಹೋದ. ಮರುದಿನವೂ ಹೋದ, ಆಪರೇಶನ್ ಮುಗಿಯುವ ತನಕ ಹೊರಗೆ ಪರಪ್ಪನ ಜೊತೆ ಕುಳಿತಿದ್ದ. ವಾರವಿಡೀ ಮನೆಗೆ ಬಂದು ಒಂದೇ ಸುದ್ದಿ: ಅಕ್ಕವ್ವ ಕಣ್ಣು ತೆರೆದಳು, ಅಕ್ಕವ್ವ ಗಂಜಿ ಕುಡಿದಳು, ಆದರೆ ಹಾಸಿಗೆಯಿಂದ ಏಳಲು ಹೆದರುತ್ತಾಳೆ.

ಮುಂದಿನ ರವಿವಾರ ಮಾಯವ್ವ ಎದ್ದು ನೋಡಿದರೆ ಗೂಟದ ಮೇಲೆ ಬಿಳಿ ಅಂಗಿ ಇರಲಿಲ್ಲ, ಗಂಡನೂ ಇರಲಿಲ್ಲ. ಗಡಬಡಿಸಿ ಚರ್ಚಿಗೆ ಹೋದಳು. ಖಂಡೆಪ್ಪ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಬಾಜೂ ಕುಳಿತಿದ್ದ. ಅವನ ಕೆಳಗೆ ಬರೀ ಜಮಖಾನೆ. ಕೆಂಪು ಚೌಕಡಿಯ ಟವೆಲ್ ದಾರಿಯ ಈಚೆ, ಹೆಂಗಸರ ಕಡೆ, ಮಾಯವ್ವನ ಜಾಗಕ್ಕೆ ಹತ್ತಿ, ಸುಕ್ಕಿಲ್ಲದಂತೆ ಹಾಸಿತ್ತು.

ಅಷ್ಟರಲ್ಲಿ ಬಂದ ಲಕ್ಕಪ್ಪ ಹಣೆ ಹಣೆ ಬಡಿದುಕೊಂಡ. "ಮತ್ತ ಶುರುವಾತಾ? ಇದು ಯಾರದೋ?"

ಖಂಡೆಪ್ಪ ಡೋಲಕಿಯ ಹಗ್ಗ ಬಿಗಿಯುತ್ತ, ತಲೆ ಎತ್ತದೆ ಹೇಳಿದ.

"ಟಾವೆಲ್ ಕಾಣಸೂದಿಲ್ಲೇನ್ರಿ ಕಾಕಾ? ಅಕ್ಕವ್ವ ಬರಾಕತ್ತಾಳ."

ಮಾಯವ್ವ ತನ್ನ ಜಾಗದಲ್ಲಿ ಕುಳಿತು, ಆಪರೇಶನ್ ಆದ ಮೈ, ಇಕ್ಕಟ್ಟಾಗಬಾರದು ಎಂದು, ಟವೆಲಿಗೆ ಇನ್ನೊಂದಿಷ್ಟು ಜಾಗ ಬಿಟ್ಟು ಸರಿದು ಕೂತಳು.